ಆರನೆಯ ಪುಟ್ಟಿ

ಎಷ್ಟು ತಿಕ್ಕಿದರೂ ಅವ್ವನ ಹಿಮ್ಮಡಿಯ ಬಿರುಕುಗಳಲ್ಲಿ ಕೂತಿದ್ದ ಕೆರೆಮಣ್ಣು ಹೋಗಲಿಲ್ಲ. ತಿರುಪತಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು, ತೆಂಗಿನ ನಾರಿನಿಂದ ತಿಕ್ಕಿದಳು, ಕೊನೆಗೆ ಹೆಬ್ಬೆರಳಿನ ಉಗುರನ್ನೇ ಬಿರುಕಿನೊಳಗೆ ಇಳಿಸಿದಳು. ನೋವಾಯಿತೇನೋ ಎಂದು ಅವ್ವನ ಮುಖದ ಕಡೆ ನೋಡಿ, ಆಮೇಲೆ ನೆನಪಾಗಿ ಕೈ ತೆಗೆದಳು.

ನೀರು ಹೊಯ್ಯುತ್ತಿದ್ದ ಪಕ್ಕದ ಮನೆಯ ಕಿಷ್ಟಮ್ಮ ಚೊಂಬು ಕೆಳಗಿಟ್ಟಳು.

"ಇರಲಿ ಬಿಡವಾ. ಅದು ಹೋಗೂ ಮಣ್ಣಲ್ಲ."

ಊರು ಉಪಕಾರ ಅರಿಯದು, ಹೆಣ ಸಿಂಗಾರ ಅರಿಯದು ಎನ್ನುತ್ತಾರೆ. ಆದರೂ ಮಗಳ ಕೈ ಕೇಳಬೇಕಲ್ಲ. ಅವ್ವನ ತಲೆ ಒರೆಸಿ, ಬಾಚಿ, ಹಣೆ ತುಂಬ ಬೀರಪ್ಪನ ಭಂಡಾರ ಬಳಿದ ಮೇಲೆ ತಿರುಪತಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. ಅರಿಸಿನ ಮೆತ್ತಿದ ಆ ಮುಖ ಈಗ ಯಾರನ್ನೋ ಬೈಯಲು ಸಿದ್ಧವಾಗಿ, ಹೋಗಲಿ ಪಾಪ ಎಂದು ಸುಮ್ಮನಾದಂತಿತ್ತು. ಬದುಕಿದ್ದಾಗಲೂ ಹುಸೇನಮ್ಮನ ಮುಖ ಹೆಚ್ಚು ಕಡಿಮೆ ಹಾಗೆಯೇ ಇರುತ್ತಿತ್ತು.

ಮೊಹರಂನ ಪೀರಲ ಹಬ್ಬದ ದಿನ ಹುಟ್ಟಿದವಳೆಂದು ಹುಸೇನಮ್ಮ ಎಂದು ಹೆಸರಿಟ್ಟಿದ್ದರು. ಎಪ್ಪತ್ತೆಂಟು ವರ್ಷ ಬಾಳಿದಳು. ಹಿಂದಿನ ದಿನ ಸಂಜೆ ಬದನೆ ಪಾತಿಗೆ ನೀರು ತಿರುಗಿಸಿ ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂತು, ಎಲೆಯಡಿಕೆ ಹಾಕಿಕೊಂಡು, ಅಗಿಯುತ್ತ ಅಗಿಯುತ್ತಲೇ ಹೋಗಿಬಿಟ್ಟಳು. ಇಂಥ ಸಾವು ಪುಣ್ಯವಂತರಿಗೆ ಎಂದು ಬಂದವರೆಲ್ಲ ಹೇಳಿದರು. ಹೌದು, ಸತ್ತವರಿಗೆ ಪುಣ್ಯವೇ. ಉಳಿದವಳಿಗೆ ಏನು ಎಂಬುದನ್ನು ಯಾರೂ ಎತ್ತಲಿಲ್ಲ.

ಕಿಷ್ಟಮ್ಮ ಮಾತ್ರ, ಒದ್ದೆ ಸೆರಗನ್ನು ಹಿಂಡುತ್ತ, ಮೆಲ್ಲಗೆ ಕೇಳಿದಳು. "ನಿನ್ನ ತಮ್ಮ ಸುರೇಂದರ ಮುಂದ ನೀರಿನ ಗಡಿಗಿ ಹಿಡೀತಾನ. ಕೆರಿ ಕಟ್ಟಿ ಮಣ್ಣಿನ ಪುಟ್ಟಿ ಸೊಸಿ ಹೊರಬೇಕಾಗತೈತಿ. ಗೊತ್ತೈತಲ್ಲ?"

"ಗೊತ್ತೈತಿ," ಎಂದಳು ತಿರುಪತಮ್ಮ.

ಗೋಡೆಯ ಗೂಟಕ್ಕೆ ಒಂದರೊಳಗೊಂದು ಸೇರಿಸಿ ತೂಗುಹಾಕಿದ್ದ ಆರು ಬಿದಿರಿನ ಪುಟ್ಟಿಗಳ ಕಡೆ ಅವಳು ನೋಡಲಿಲ್ಲ.

*

ತೂಬಿನಪಲ್ಲಿ ಊರೆಂದರೆ ಊರಲ್ಲ, ತೆಲುಗು ಸೀಮೆಯ ಮಕ್ತಲದ ಕಡೆಯ ಒಂದು ಕೆರೆಯ ಕಟ್ಟೆಗೆ ಅಂಟಿಕೊಂಡ ಐವತ್ತೆರಡು ಮನೆ. ಮೂಡಲಿಗೆ ನೀರು, ಪಡುವಲಿಗೆ ಬೋಳುಗುಡ್ಡ, ಕಟ್ಟೆಯ ಕೆಳಗೆ ಭತ್ತದ ಗದ್ದೆ. ನಡುವೆ ಉಳಿದ ಜಾಗದಲ್ಲಿ ಮನೆಗಳು ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿವೆ. ಬೀರಪ್ಪನ ಗುಡಿಯ ಸುತ್ತ ಕುರುಬರ ಮನೆಗಳು, ಕೋಡಿಯ ಹತ್ತಿರ ಮೀನು ಹಿಡಿಯುವವರ ಮನೆಗಳು. ಊರು ಬೆಳೆಯಬೇಕೆಂದರೂ ಎಲ್ಲಿಗೆ ಬೆಳೆಯಬೇಕು? ಬೆಳೆದ ಮಂದಿ ಪುಣೆಗೂ ಹೈದರಾಬಾದಿಗೂ ಗಾರೆ ಕೆಲಸಕ್ಕೆ ಹೋಗುತ್ತಾರೆ.

ಊರಿನಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಎರಡು ಉತ್ತರ ಸಿಗುತ್ತವೆ. ಸರ್ಕಾರದ ಲೆಕ್ಕದಲ್ಲಿ ನೂರಿಪ್ಪತ್ತೊಂದು. ಎಣಿಸಲು ಬಂದವರು ಬೀಗ ಹಾಕಿದ ಮನೆಗಳನ್ನು ಬಿಟ್ಟು ಹೋದರು. ಕೆರೆಕಟ್ಟೆಯ ಲೆಕ್ಕ ಇಡುವ ಕಾಳಪ್ಪನ ಪ್ರಕಾರ ಇನ್ನೂರ ಹದಿನಾಲ್ಕು. ಊರವರು ನಂಬುವುದು ಕಾಳಪ್ಪನನ್ನು.

ಕಾಳಪ್ಪನ ಲೆಕ್ಕ ಮಣ್ಣಿನದು. ನಿಜಾಮನ ಕಾಲದಲ್ಲಿ ಒಮ್ಮೆ ಕಟ್ಟೆ ಒಡೆದು ಅರ್ಧ ಊರು ಕೊಚ್ಚಿಹೋಗಿತ್ತಂತೆ. ಉಳಿದವರು ತಲೆಗೊಂದು ಪುಟ್ಟಿ ಮಣ್ಣು ಹೊತ್ತು ಅದನ್ನು ಮತ್ತೆ ಕಟ್ಟಿದರು. ಅಂದಿನಿಂದ ಪ್ರತಿ ಬೇಸಿಗೆಯಲ್ಲಿ, ನೀರು ಇಳಿದು ಕೆರೆಯ ಅಂಗಳ ಬಿರಿದಾಗ, ಊರಿನ ಪ್ರತಿ ಜೀವದ ಹೆಸರಿನಲ್ಲಿ ಒಂದು ಪುಟ್ಟಿ ಹೂಳು ಕಟ್ಟೆಗೆ ಬೀಳಬೇಕು. ತೊಟ್ಟಿಲ ಕೂಸಿಗೂ ಒಂದು, ಹಾಸಿಗೆ ಹಿಡಿದವರಿಗೂ ಒಂದು, ಪುಣೆಯಲ್ಲಿರುವವರಿಗೂ ಒಂದು. ಇಲ್ಲದವರ ಪಾಲನ್ನು ಮನೆಯಲ್ಲಿರುವವರು ಹೊರಬೇಕು. ಕಾಳಪ್ಪ ತೂಬಿನ ಕಲ್ಲಿನ ಮೇಲೆ ಕೂತು, ಒಂದೊಂದು ಪುಟ್ಟಿಗೆ ಒಂದೊಂದು ಹುಣಸೆಬೀಜ ಚೀಲಕ್ಕೆ ಹಾಕುತ್ತಾನೆ. ಮಣ್ಣು ಹಾಕಿದವರಿಗೆ ಕೆರೆಯ ನೀರಿನಲ್ಲಿ ಪಾಲು, ನ್ಯಾಯದಲ್ಲಿ ಮಾತು. ಹಾಕದವರಿಗೆ ಎರಡೂ ಇಲ್ಲ. ಹಾಕಿದ ಮಣ್ಣನ್ನು ಒಮ್ಮೆ ಮಾತ್ರ ಹಿಂದಕ್ಕೆ ಕೇಳಬಹುದು. ಸತ್ತ ದಿನ ಕಟ್ಟೆಯಿಂದ ಒಂದು ಪುಟ್ಟಿ ಮಣ್ಣು ಅವರ ಜೊತೆ ಕುಣಿಗೆ ಹೋಗುತ್ತದೆ. ಅದನ್ನು ಹೊರುವವರು ಅದೇ ಮನೆಯವರು, ಲೆಕ್ಕದಲ್ಲಿ ಇರುವವರು ಆಗಿರಬೇಕು.

ತಿರುಪತಮ್ಮ ಲೆಕ್ಕದಲ್ಲಿ ಇರಲಿಲ್ಲ.

*

ಅವಳನ್ನು ತುಂಗಭದ್ರೆಯ ದಂಡೆಯ ರಾಜೋಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಕಾಮಾಲೆಯಲ್ಲಿ ತೀರಿಕೊಂಡ. ವರ್ಷ ತುಂಬುವುದರೊಳಗೆ ಮೈದುನ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸಿದ. ಜಗಳವೇನೂ ಆಗಲಿಲ್ಲ, ಅಲ್ಲಿಯವರು ಒಳ್ಳೆಯ ಮಾತಿನಲ್ಲೇ ಬಸ್ಸು ಹತ್ತಿಸಿದರು. ಹನ್ನೊಂದು ವರ್ಷದ ಹಿಂದಿನ ಮಾತು ಅದು. ಅವ್ವ ಬಾಗಿಲಲ್ಲಿ ನಿಂತು, ಯಾಕೆ ಬಂದೆ ಎಂದು ಕೇಳದೆ, ಮೇಕೆಗೆ ನೀರು ಇದೆಯಾ ನೋಡು ಎಂದಿದ್ದಳು. ಅಷ್ಟೇ ಸ್ವಾಗತ. ಆ ರಾತ್ರಿ ತಿರುಪತಮ್ಮ ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡು ಮಲಗಿದಳು.

ಆ ಬೇಸಿಗೆಯಲ್ಲಿ ಎಲ್ಲರಂತೆ ಅವಳೂ ಒಂದು ಪುಟ್ಟಿ ಹೂಳು ತುಂಬಿ ತಲೆಗೆ ಏರಿಸಲು ಹೋದಳು. ಆಶಮ್ಮ ಅಡ್ಡ ಬಂದಳು. ಆಶಮ್ಮ ಆಗಲೂ ಮುದುಕಿ, ಆಗಲೂ ಊರಿನ ಕಟ್ಟಳೆಗಳೆಲ್ಲ ಅವಳ ನಾಲಿಗೆಯ ಮೇಲೆ.

"ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಒಂದು ತಲಿಗೆ ಎರಡು ಕಟ್ಟಿ ಇಲ್ಲ."

ಅವಳು ಕೆಟ್ಟವಳಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಹೆಣ್ಣಿನ ಮಣ್ಣು ಗಂಡನ ಊರಿಗೆ ಸಲ್ಲುತ್ತದೆ ಎಂಬುದು ಅಜ್ಜಂದಿರ ಕಾಲದ ಕಟ್ಟಳೆ. ಎಲ್ಲರ ಕಣ್ಣೆದುರಿಗೆ ತಿರುಪತಮ್ಮ ಪುಟ್ಟಿ ಇಳಿಸಿದಳು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹುಸೇನಮ್ಮ ಮುಂದೆ ಬಂದಳು. ಮಗಳ ಕೈಗೆ ಸಲಿಕೆ ಕೊಟ್ಟಳು. "ನೀ ತುಂಬು. ನಾ ಹೊರತೀನಿ."

ಅಲ್ಲಿಂದಾಚೆಗೆ ಪ್ರತಿ ವರ್ಷ ಅದೇ. ತಿರುಪತಮ್ಮ ಹೂಳು ಅಗೆಯುವಳು, ತುಂಬುವಳು, ಅವ್ವನ ತಲೆಯ ಸಿಂಬಿಯ ಮೇಲೆ ಎತ್ತಿಡುವಳು. ಅವ್ವ ಕಟ್ಟೆ ಹತ್ತಿ ಸುರಿದು ಬರುವಳು. ಅವ್ವನದೊಂದು, ತಮ್ಮ ಸುರೇಂದರನದೊಂದು, ಅವನ ಹೆಂಡತಿ ರಜಿತಾಳದೊಂದು, ಪುಣೆಯಲ್ಲೇ ಹುಟ್ಟಿ ಈ ಕೆರೆಯ ಒಂದು ಗುಟುಕು ನೀರು ಕುಡಿಯದ ಅವರ ಎರಡು ಮಕ್ಕಳದು. ಐದಾಯಿತು. ಆಮೇಲೆ ಅವ್ವ ಆರನೆಯ ಪುಟ್ಟಿ ಮುಂದಿಡುತ್ತಿದ್ದಳು.

"ಇದು ಯಾರದವಾ?" ಎಂದು ತಿರುಪತಮ್ಮ ಎರಡನೆಯ ವರ್ಷವೋ ಮೂರನೆಯ ವರ್ಷವೋ ಕೇಳಿದ್ದಳು.

"ಎತ್ತು ಸುಮ್ಮ," ಎಂದಿದ್ದಳು ಅವ್ವ.

ಸಂಜೆ ಕಾಳಪ್ಪ ಬೀಜ ಎಣಿಸಿದಾಗ ಊರಿನ ಮಂದಿಗಿಂತ ಒಂದು ಬೀಜ ಹೆಚ್ಚು ಬರುತ್ತಿತ್ತು. ಅದು ಬೀರಪ್ಪನ ಪುಟ್ಟಿ ಎಂದು ಅವನು ಹೇಳುತ್ತಿದ್ದ. ದೇವರ ಹೆಸರಿನದು ಎಂದ ಮೇಲೆ ಯಾರು ಎದುರು ಮಾತಾಡುತ್ತಾರೆ? ಹುಸೇನಮ್ಮ ದೇವರ ಪಾಲು ಹೊರುತ್ತಾಳೆ ಎಂದು ನಾಲ್ಕು ಮಂದಿ ಹೊಗಳಿದರು ಕೂಡ.

ತಿರುಪತಮ್ಮನಿಗೆ ಮಾತ್ರ ಆ ಆರನೆಯ ಪುಟ್ಟಿಯ ಮೇಲೆ ಹೊಟ್ಟೆಕಿಚ್ಚು. ಗುಡಿಯೊಳಗೆ ತಣ್ಣಗೆ ಕೂತ ಬೀರಪ್ಪನಿಗೂ ಒಂದು ಪುಟ್ಟಿ ಇದೆ, ಎದುರಿಗೆ ಬೆವರು ಸುರಿಸಿ ತುಂಬುವವಳಿಗೆ ಒಂದಿಲ್ಲ. ಕೆಲವು ವರ್ಷ ಅವಳು ಬೇಕೆಂದೇ ಆ ಪುಟ್ಟಿಯನ್ನು ಅಂಚಿನವರೆಗೆ ತುಂಬಿಸಿ ಭಾರ ಮಾಡಿದ್ದೂ ಉಂಟು. ಅವ್ವ ಅದನ್ನೂ ಏದುಸಿರು ಬಿಡುತ್ತ ಹೊತ್ತಳು. ಹೋದ ಬೇಸಿಗೆಯಲ್ಲಿ ಕಟ್ಟೆಯ ಮೆಟ್ಟಿಲ ಮೇಲೆ ಎರಡು ಸಲ ಕೂತೆದ್ದು ಹೊತ್ತಳು.

*

ಸುರೇಂದರನ ಜೀಪು ಮಧ್ಯಾಹ್ನ ದಾಟಿದ ಮೇಲೆ ಬಂತು. ಬಾಡಿಗೆ ಗಾಡಿಯ ಚಾಲಕ ಫೋನಿನ ನಕ್ಷೆ ನಂಬಿ ಕೆರೆಯ ಆಚೆ ದಡಕ್ಕೆ ಹೋಗಿ ನಿಂತಿದ್ದನಂತೆ. ಆ ನಕ್ಷೆಯಲ್ಲಿ ತೂಬಿನಪಲ್ಲಿ ನಡುನೀರಿನಲ್ಲಿದೆ. ನೀರಿನಾಚೆ ತನ್ನ ಮನೆಯ ಮುಂದೆ ಜನ ಸೇರಿದ್ದನ್ನು ಕಂಡೂ ಬರಲಾಗದೆ ಸುತ್ತುಹಾಕಿ ಬಂದವನು, ಇಳಿದವನೇ ಅವ್ವನ ಕಾಲ ಮೇಲೆ ಬಿದ್ದು ಗಂಡಸೆಂಬುದನ್ನು ಮರೆತು ಅತ್ತ. ರಜಿತಾ ಮಾನೋಪಾಡಿನ ಹುಡುಗಿ, ಅಳುವುದೂ ತೆಲುಗಿನಲ್ಲೇ. ಅವಳು ತಿರುಪತಮ್ಮನ ಕೊರಳಿಗೆ ಜೋತುಬಿದ್ದು ಅತ್ತಿಗೆ ಎನ್ನಲು ವದಿನಾ, ವದಿನಾ ಎಂದಳು.

ವಾರ್ಡು ಮೆಂಬರ್ ಅಂಜನಕುಮಾರ್ ಮರಣದ ಕಾಗದಕ್ಕೆಂದು ಅವ್ವನ ಆಧಾರ್ ಕೇಳಲು ಬಂದ. ಮನೆಯಲ್ಲಿ ಇನ್ನು ಯಾರ್ಯಾರು ಎಂದು ಬರೆದುಕೊಳ್ಳುತ್ತ, ತಿರುಪತಮ್ಮನ ಹತ್ತಿರ ಬಂದಾಗ ಅವನ ಪೆನ್ನು ನಿಂತಿತು. ಇವರದು ರಾಜೋಳಿ ಅಲ್ಲವೇ ಎಂದ. ಅಲ್ಲಿ ತೆಗೆದಿದ್ದಾರೆ ಎಂದಳು ಅವಳು. ಹಾಗಾದರೆ ಆಮೇಲೆ ನೋಡೋಣ ಎಂದು ಅವನು ಪೆನ್ನು ಜೇಬಿಗೆ ಸಿಕ್ಕಿಸಿದ. ಒಳ್ಳೆಯ ಹುಡುಗನೇ, ಆದರೆ ಕಾಗದದಲ್ಲಿ ಅವಳಿಗೆ ಮನೆ ಇರಲಿಲ್ಲ.

ಇದನ್ನೆಲ್ಲ ಕಂಡ ಸುರೇಂದರ್ ಅಕ್ಕನನ್ನು ಹಿತ್ತಲಿಗೆ ಕರೆದ. ಅಲ್ಲಿ ಅವಳ ಒಂಬತ್ತು ಮೇಕೆಗಳು ಏನೂ ಆಗಿಲ್ಲವೆಂಬಂತೆ ಸೊಪ್ಪು ತಿನ್ನುತ್ತಿದ್ದವು.

"ಅಕ್ಕಾ, ದಿನ ಮುಗಿಸಿ ನಮ್ಮ ಜೋಡಿ ಪುಣೆಗೆ ಬಾ. ತಗಡಿನ ಖೋಲಿ ಐತಿ, ಒಂದು ಮೂಲ್ಯಾಗ ಇದ್ದರಾತು."

"ಮ್ಯಾಕಿ?"

"ಮಾರಿಬಿಡೂಣು."

"ಬದನಿ ಪಾತಿ?"

ಸುರೇಂದರ್ ಕೆರೆಯ ಕಡೆ ನೋಡಿದ. ಪಾತಿ ಕೆರೆಯ ಅಂಗಳದ ಅಂಚಿನಲ್ಲಿತ್ತು. ಅದಕ್ಕೆ ಬರುವ ನೀರು ಅವ್ವನ ಪಾಲಿನದು. ಅವ್ವನ ಪಾಲು ಈಗ ತನಗೆ ಬರುತ್ತದೆ, ತಾನು ಪುಣೆಯಲ್ಲಿ. ಅಕ್ಕ ತನ್ನ ಹೆಸರಿನಲ್ಲಿ ಒಂದು ಚೊಂಬು ನೀರನ್ನೂ ತಿರುಗಿಸುವಂತಿಲ್ಲ.

"ಸಿಟ್ಟಾಗಬ್ಯಾಡ," ಎಂದ ಅವನು, ಕಣ್ಣು ಕೆಳಗೆ ಹಾಕಿ. "ಇಲ್ಲಿ ನಿನ್ನ ಹೆಸರು ಎಲ್ಲೈತಿ ಅಕ್ಕಾ?"

ಅವನ ಮಾತಿನಲ್ಲಿ ಮೋಸವಿರಲಿಲ್ಲ, ಪ್ರೀತಿಯೇ ಇತ್ತು. ಅವನು ಬೈದಿದ್ದರೆ ತಾನೂ ಬೈದು ಮುಗಿಸಬಹುದಿತ್ತು. ಈ ಕೆರೆಯ ಮೇಲಿನ ಗಾಳಿ ಬಿಟ್ಟು, ಈ ಹಾಳು ಮೇಕೆಗಳನ್ನು ಬಿಟ್ಟು, ಅವ್ವನ ಜಗಲಿ ಬಿಟ್ಟು ತಾನು ಬದುಕಲಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬದುಕಲಾರೆ ಎನ್ನುವುದು ಹಕ್ಕಲ್ಲವಲ್ಲ.

*

ಡೊಳ್ಳಿನವರು ಮುಂದೆ ಹೊರಟರು. ಹೆಣ ಕಟ್ಟೆಯ ಮೇಲೆ ಬಂದು ತೂಬಿನ ಕಲ್ಲಿನ ಹತ್ತಿರ ನಿಂತಿತು. ಎಲ್ಲ ಹೆಣಗಳೂ ಅಲ್ಲಿ ನಿಲ್ಲಬೇಕು. ಡೊಳ್ಳು ನಿಂತಿತು. ಸುರೇಂದರ್ ಭುಜದ ಮೇಲೆ ನೀರಿನ ಗಡಿಗೆ ಹಿಡಿದು ನಿಂತ. ರಜಿತಾ ಅವ್ವನ ಪುಟ್ಟಿ ಹಿಡಿದು, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬಂದಳು.

ಮಣ್ಣು ತುಂಬುವವರು ಯಾರು ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ತಿರುಪತಮ್ಮ ಆಗಲೇ ಸಲಿಕೆ ಹಿಡಿದು ನೀರಂಚಿಗೆ ಇಳಿದಿದ್ದಳು. ತುಂಬುವುದಕ್ಕೆ ಲೆಕ್ಕ ಬೇಕಿಲ್ಲ. ಕಟ್ಟೆಯ ಬುಡದ ಕರಿಯ ಹಸಿಮಣ್ಣನ್ನು ಅವಳು ಮೂರು ಸಲಿಕೆ ತುಂಬಿದಳು, ಅಂಗೈಯಿಂದ ತಟ್ಟಿದಳು, ಎರಡು ಕೈಯಲ್ಲಿ ಎತ್ತಿಕೊಂಡು ಮೇಲೆ ಬಂದಳು. ರಜಿತಾ ತಲೆ ಬಗ್ಗಿಸಿದಳು.

"ತಡಿ," ಎಂದ ಕಾಳಪ್ಪ.

ಕಲ್ಲಿನ ಮೇಲೆ ಕೂತಿದ್ದ ಕಾಳಪ್ಪನ ಕಣ್ಣಿಗೆ ಈಗ ಪೊರೆ. ಯಾರು ಬಂದರೆಂದು ಹೆಜ್ಜೆಯ ಸದ್ದಿನ ಮೇಲೆ ಹೇಳುತ್ತಾನೆ. ಅವನು ಸುರೇಂದರನ ಕಡೆ ಮುಖ ತಿರುಗಿಸಿದ.

"ನಿಮ್ಮವ್ವ ವರ್ಷಕ್ಕ ಎಷ್ಟು ಪುಟ್ಟಿ ಹೊರತಿದ್ಲು?"

"ಆರು ಕಾಕಾ."

"ಯಾರ್ಯಾರದು?"

ಸುರೇಂದರ್ ಗಡಿಗೆ ಇಳಿಸದೆಯೇ ಎಣಿಸಿದ. ಅವ್ವ, ತಾನು, ಹೆಂಡತಿ, ಎರಡು ಮಕ್ಕಳು. "ಆರನೇದ್ದು ಬೀರಪ್ಪಂದು."

"ಬೀರಪ್ಪ ಯಾವತ್ತು ಮಣ್ಣು ಕೇಳ್ಯಾನೋ? ಅವಗ ಭಂಡಾರ ಸಾಕು." ಕಾಳಪ್ಪ ಬೀಜದ ಚೀಲದ ಮೇಲೆ ಕೈಯಿಟ್ಟು ಮುಂದುವರಿಸಿದ. "ಮೊದಲನೇ ವರ್ಷನ ನಾ ಅಕಿನ್ನ ಕೇಳಾಕ ಹೋಗಿದ್ದೆ. ಅಕಿ ಅಂದ್ಲು, ಕಾಳಪ್ಪಾ, ನೀ ಕೇಳಬ್ಯಾಡ. ಕೇಳಿದರ ನಾ ಹೇಳಬೇಕಾಗತೈತಿ. ಹೇಳಿದರ ನೀ ಒಲ್ಲೆ ಅನಬೇಕಾಗತೈತಿ. ಅದಕ ನಾ ಕೇಳಲಿಲ್ಲ. ಹನ್ನೊಂದು ವರ್ಷ ದೇವರ ಮ್ಯಾಲ ಹಾಕಿ ಸುಳ್ಳು ಹೇಳೀನಿ."

ಅವನು ಪುಟ್ಟಿ ಹಿಡಿದು ನಿಂತವಳ ಕಡೆ ತಿರುಗಿದ.

"ತಿರುಪತೀ. ಆ ಆರನೇ ಪುಟ್ಟಿ ಯಾರು ತುಂಬತಿದ್ರು?"

"ನಾನ ಕಾಕಾ."

"ಮತ್ತ ಅದು ಯಾರದು?"

ಅಂಚಿನವರೆಗೆ ತುಂಬಿಸಿ ಭಾರ ಮಾಡಿದ ವರ್ಷಗಳು, ಮೆಟ್ಟಿಲ ಮೇಲೆ ಎರಡು ಸಲ ಕೂತೆದ್ದ ಅವ್ವ, ಎತ್ತು ಸುಮ್ಮ ಎಂದ ಆ ಗಂಟಲು, ಎಲ್ಲ ಒಟ್ಟಿಗೆ ಅವಳ ನೆನಪಿಗೆ ಬಂದವು. ತನ್ನ ಪುಟ್ಟಿಯ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟಿದ್ದಳು. ಬೆಳಗಿನಿಂದ ಹೆಚ್ಚು ಅಳದವಳು ಈಗ ಪುಟ್ಟಿ ಹಿಡಿದುಕೊಂಡೇ ಅತ್ತಳು. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆಶಮ್ಮ ಕೋಲೂರಿಕೊಂಡು ಮುಂದೆ ಬಂದಳು. ಬರದೇ ಇರುತ್ತಾಳೆಯೇ?

"ಒಂದು ತಲಿಗೆ ಎರಡು ಕಟ್ಟಿ ಇಲ್ಲ ಕಾಳಪ್ಪಾ. ಹಿರೇರು ಮಾಡಿದ್ದು."

"ರಾಜೋಳ್ಯಾಗ ಹೊಳಿ ಐತಿ, ಕಟ್ಟಿ ಎಲ್ಲೈತಿ ಆಶಮ್ಮಾ?" ಎಂದ ಕಾಳಪ್ಪ. "ಹೊಳಿಗೆ ಯಾರು ಮಣ್ಣು ಹಾಕತಾರ? ಇಕಿ ತಲಿಗೆ ಇರೂದು ಒಂದ ಕಟ್ಟಿ. ಹನ್ನೊಂದು ಪುಟ್ಟಿ ಬಿದ್ದೈತಿ. ಬ್ಯಾಡ ಅನ್ನವರು ಅದನ್ನ ಕಟ್ಟ್ಯಾಗಿಂದ ಆರಿಸಿ ತಗೀರಿ."

ಕಟ್ಟೆಯೊಳಗೆ ಬಿದ್ದ ಮಣ್ಣನ್ನು ಯಾರು ಆರಿಸುತ್ತಾರೆ? ಆಶಮ್ಮ ಕಟ್ಟೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಹೊಳೆಯ ಊರಿಗೆ ಕೊಟ್ಟ ಹೆಣ್ಣಿನ ಮಾತು ಹಿರಿಯರು ಆಡಿಯೇ ಇರಲಿಲ್ಲ. ಆಗ ಎಲ್ಲರೂ ಕೆರೆಯಿಂದ ಕೆರೆಗೇ ಹೆಣ್ಣು ಕೊಡುತ್ತಿದ್ದರು.

ರಜಿತಾ ತನ್ನ ತಲೆಯ ಮೇಲಿನ ಸಿಂಬಿ ತೆಗೆದು ತಿರುಪತಮ್ಮನ ತಲೆಯ ಮೇಲಿಟ್ಟಳು. "ಮೀರೇ ಮೋಯಂಡಿ ವದಿನಾ," ನೀವೇ ಹೊರಬೇಕು ಎಂದಳು. ಪುಟ್ಟಿ ಎತ್ತಲು ಕಿಷ್ಟಮ್ಮ ಒಂದು ಬದಿ ಹಿಡಿದಳು. ಇನ್ನೊಂದು ಬದಿಗೆ ಕೈ ಹಾಕಿದವಳು ಆಶಮ್ಮ. "ನೆಟ್ಟಗ ನಿಂದ್ರ. ಹೊರಾಕ ಬರೂದಿಲ್ಲ, ಏನಿಲ್ಲ," ಎಂದು ಬೈಯುತ್ತಲೇ ಎತ್ತಿದಳು.

ಹನ್ನೊಂದು ವರ್ಷ ಎತ್ತಿಕೊಟ್ಟವಳಿಗೆ ಹೊರುವ ಭಾರ ಎಷ್ಟೆಂದು ಗೊತ್ತಿರಲಿಲ್ಲ. ಕತ್ತು ಒಮ್ಮೆ ತಗ್ಗಿ ಮತ್ತೆ ನೆಟ್ಟಗಾಯಿತು. ಬಿದಿರಿನ ಸಂದಿನಿಂದ ಕೆಸರುನೀರು ಬೈತಲೆಗೆ ಇಳಿಯಿತು. ಡೊಳ್ಳು ಮತ್ತೆ ಶುರುವಾಯಿತು. ಮುಂದೆ ಗಡಿಗೆ ಹೊತ್ತ ತಮ್ಮ, ನಡುವೆ ಅವ್ವ, ಹಿಂದೆ ಅವಳು.

ಗುಡ್ಡದ ಬುಡದಲ್ಲಿ ಅವ್ವನನ್ನು ಇಳಿಸಿದರು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕುವ ಮೊದಲು ತಿರುಪತಮ್ಮ ಕಟ್ಟೆಯ ಮಣ್ಣನ್ನು ಅವ್ವನ ಕಾಲ ಕಡೆಗೆ ಸುರಿದಳು. ಆ ಹಿಮ್ಮಡಿಗಳಿಗೆ ಅದು ಹೊಸದೇನಲ್ಲ. ಖಾಲಿ ಪುಟ್ಟಿಯನ್ನು ಮಣ್ಣುಗುಡ್ಡೆಯ ಮೇಲೆ ಬೋರಲು ಹಾಕಿ, ಹಿಂದಿರುಗಿ ನೋಡದೆ ಬಂದರು.

*

ಹೊತ್ತು ಮುಳುಗುವ ಮೊದಲು ಎಲ್ಲರೂ ಕೆರೆಯಲ್ಲಿ ಮುಳುಗು ಹಾಕಿ, ಒದ್ದೆ ಬಟ್ಟೆಯಲ್ಲೇ ತೂಬಿನ ಕಲ್ಲಿನ ಹತ್ತಿರ ಸೇರಿದರು. ಮಣ್ಣು ಕೊಟ್ಟು ಬಂದ ಮೇಲೆ ಊರಿನಲ್ಲಿ ಈಗ ಎಷ್ಟು ಮಂದಿ ಉಳಿದರೆಂದು ಕೆರೆಗೆ ಹೇಳಬೇಕು. ನೀರು ಕೊಡುವವಳಿಗೆ ಉಣ್ಣುವವರ ಲೆಕ್ಕ ಗೊತ್ತಿರಬೇಡವೇ?

ಸುರೇಂದರ್ ಅಕ್ಕನ ಪಕ್ಕದಲ್ಲಿ ನಿಂತಿದ್ದ. ಮೇಕೆಗಳಲ್ಲಿ ಒಂದು ಈಯುವ ಹಾಗಿದೆಯಲ್ಲ, ಯಾವಾಗ ಎಂದು ಮೆಲ್ಲಗೆ ಕೇಳಿದ. ಹುಣ್ಣಿಮೆಯ ಹೊತ್ತಿಗೆ ಎಂದಳು ಅವಳು. ಈದ ಮೇಲೆ ಫೋನು ಮಾಡು ಎಂದ. ಪುಣೆಯ ಮಾತು ಅಲ್ಲಿಗೆ ಮುಗಿಯಿತು.

ಕಾಳಪ್ಪ ಚೀಲದಿಂದ ಒಂದು ಹುಣಸೆಬೀಜ ತೆಗೆದು ನೀರಿಗೆ ಎಸೆದ. ಅದು ಹುಸೇನಮ್ಮನದು. ಆಮೇಲೆ ಎದ್ದು ನಿಂತು, ಕಾಣದ ಕಣ್ಣನ್ನು ನೀರಿನ ಕಡೆ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಇನ್ನೂರ ಹದಿನಾಲ್ಕು ಮಂದಿ ಅದೀವಿ ತಾಯಿ."

ಒಂದು ಕಡಿಮೆಯಾಗಬೇಕಲ್ಲ ಎಂದು ಅಂಜನಕುಮಾರ್ ಬಾಯಿ ತೆರೆದ. ತಿರುಪತಮ್ಮನನ್ನು ನೋಡಿದ. ಜೇಬಿನ ಪೆನ್ನಿಗೆ ಕೈ ಹೋಯಿತು.

ಅವಳು ಮೂರು ಸಲ ಮುಳುಗಿದ್ದಳು. ಆದರೂ ಕುಂಕುಮವಿಲ್ಲದ ಬೈತಲೆಯ ನಡುವೆ, ಹಣೆಯವರೆಗೆ, ಕರಿಯ ಮಣ್ಣಿನ ಒಂದು ಗೆರೆ ಹಾಗೆಯೇ ಉಳಿದಿತ್ತು. ಕಿಷ್ಟಮ್ಮ ಅದನ್ನು ಒರೆಸಲು ಸೆರಗಿನ ತುದಿ ಹಿಡಿದು ಕೈ ಎತ್ತಿದಳು. ಎತ್ತಿದ ಕೈಯನ್ನು, ಏನೋ ನೆನೆದು, ಮೆಲ್ಲಗೆ ಕೆಳಗಿಳಿಸಿದಳು.